ಪಶ್ಚಿಮ ಬೆಂಗಳೂರಿನ ಪ್ರೌಢಶಾಲೆ: ವಾರ, ವಾರ್ತೆ, ಸುತ್ತೋಲೆ

ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ ಮತ್ತು ಕೆಂಗೇರಿಯ ಪ್ರೌಢಶಾಲೆಗಳ ವಾರದ ದಿನಚರಿ, ಅದನ್ನು ರೂಪಿಸಿದ ಸರ್ಕಾರಿ ಆದೇಶಗಳು ಮತ್ತು ಶಾಲೆಯ ಸುದ್ದಿ ಹರಡುವ ಬಗೆ ಈ ಲೇಖನದ ವಿಷಯ. ಕರ್ನಾಟಕದಲ್ಲಿ ಪ್ರೌಢಶಾಲೆ ಎಂದರೆ 8, 9 ಮತ್ತು 10ನೇ ತರಗತಿ. ಒಟ್ಟು ಮೂರೇ ವರ್ಷ. ಮೊದಲನೆಯದು ಹೊಸ ಮೇಷ್ಟರು, ಹೊಸ ಗೆಳೆಯರ ಪರಿಚಯದಲ್ಲೇ ಕಳೆಯುತ್ತದೆ, ಮೂರನೆಯದನ್ನು ಎಸ್‌ಎಸ್‌ಎಲ್‌ಸಿ ಪರೀಕ್ಷೆ ನುಂಗುತ್ತದೆ. ಶಾಲೆಯ ನಾಟಕ, ಆಟ, ಭಾಷಣಸ್ಪರ್ಧೆಗಳ ಹೊರೆಯೆಲ್ಲ ಒಂಬತ್ತನೇ ತರಗತಿಯ ಮೇಲೆ ಬೀಳುವುದು ಇದೇ ಕಾರಣಕ್ಕೆ.

ಬಡಾವಣೆ ಮತ್ತು ಶಾಲೆ

ರಾಜಾಜಿನಗರ 1949ರಲ್ಲಿ ಕೈಗಾರಿಕಾ ಉಪನಗರವಾಗಿ ಆರಂಭವಾಯಿತು. ಆಗಿನ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿ ಅವರ ಹೆಸರನ್ನೇ ಇಟ್ಟರು. ಕಾರ್ಖಾನೆ ಕೆಲಸಗಾರರು ಮತ್ತು ಸರ್ಕಾರಿ ನೌಕರರ ಸಂಸಾರಗಳು ಮೊದಲು ಬಂದವು, ಅವರ ಮಕ್ಕಳ ಹಿಂದೆ ಶಾಲೆಗಳು ಬಂದವು. ಬಸವೇಶ್ವರನಗರ ಮತ್ತು ವಿಜಯನಗರ ಆಮೇಲೆ ಬೆಳೆದವು. ಕೆಂಗೇರಿಯ ಕಥೆ ಬೇರೆ. ಅದು ಮೈಸೂರು ರಸ್ತೆಯ ಹಳೆಯ ಊರು, 2007ರವರೆಗೂ ತನ್ನದೇ ಪುರಸಭೆ ಇದ್ದ ಪಟ್ಟಣ. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದಾಗ ನಗರದೊಳಗೆ ಸೇರಿತು. ಮೈಸೂರು ರಸ್ತೆಯಿಂದ ಕೆಂಗೇರಿಗೆ ಮೆಟ್ರೊ 2021ರ ಆಗಸ್ಟ್‌ನಲ್ಲಿ ಬಂದಿತು, ಅಲ್ಲಿಂದ ಚಲ್ಲಘಟ್ಟಕ್ಕೆ 2023ರ ಅಕ್ಟೋಬರ್‌ನಲ್ಲಿ ವಿಸ್ತರಿಸಿತು.

ಒಂದೇ ಬಡಾವಣೆಯಲ್ಲಿ ಹಲವು ಬಗೆಯ ಶಾಲೆಗಳಿವೆ: ಸರ್ಕಾರಿ, ಪಾಲಿಕೆಯ, ಅನುದಾನಿತ, ಅನುದಾನರಹಿತ. ಕೊನೆಯದರಲ್ಲಿ ರಾಜ್ಯ ಪಠ್ಯಕ್ರಮದವು ಬೇರೆ, ಸಿಬಿಎಸ್‌ಇ, ಐಸಿಎಸ್‌ಇಯವು ಬೇರೆ. ಕೆ.ಪಿ. ಗೋಪಾಲಕೃಷ್ಣ ಅವರು 1959ರಲ್ಲಿ ಆರಂಭಿಸಿದ ನ್ಯಾಷನಲ್ ಪಬ್ಲಿಕ್ ಸ್ಕೂಲ್ ರಾಜಾಜಿನಗರದ್ದು. ನಗರದ ಸಿಬಿಎಸ್‌ಇ ಶಾಲೆಗಳಲ್ಲಿ ಹೆಸರಾದದ್ದು. ಬೆಳಗಾವಿಯಲ್ಲಿ 1916ರಲ್ಲಿ ಹುಟ್ಟಿದ ಕೆಎಲ್‌ಇ ಸಂಸ್ಥೆಯೂ ರಾಜಾಜಿನಗರದಲ್ಲಿ ನೆಲೆಯೂರಿದೆ. ವಿಜಯನಗರದಲ್ಲಿ ಆದಿಚುಂಚನಗಿರಿ ಮಹಾಸಂಸ್ಥಾನದ ಶಾಖಾಮಠವಿದೆ. ಮಠದ ಶಿಕ್ಷಣ ಸಂಸ್ಥೆಗಳು ಈ ಭಾಗದಲ್ಲಿ ಬೇರೂರಿವೆ. ಇವುಗಳ ಪಕ್ಕದ ರಸ್ತೆಯಲ್ಲೇ, ಮನೆಯಂಥ ಕಟ್ಟಡದ ಮೂರು ಮಹಡಿಯಲ್ಲಿ ನಡೆಯುವ, ಆಟದ ಮೈದಾನವಿಲ್ಲದ ಶಾಲೆಗಳೂ ಸಾಕಷ್ಟಿವೆ. ಅಂಥ ಶಾಲೆಯ ಕ್ರೀಡಾಕೂಟ ರಾಜಾಜಿನಗರದ ರಾಮಮಂದಿರ ಮೈದಾನದಂಥ ಕಡೆ ನಡೆಯಬೇಕು. ಆಡಳಿತದ ಲೆಕ್ಕದಲ್ಲಿ ರಾಜಾಜಿನಗರ ಬೆಂಗಳೂರು ಉತ್ತರ ಶೈಕ್ಷಣಿಕ ಜಿಲ್ಲೆಗೆ, ಕೆಂಗೇರಿ ಬೆಂಗಳೂರು ದಕ್ಷಿಣಕ್ಕೆ ಸೇರುತ್ತವೆ. ಪಶ್ಚಿಮ ಎಂಬ ಶೈಕ್ಷಣಿಕ ಜಿಲ್ಲೆಯೇ ಇಲ್ಲ.

ಬೆಳಗಿನ ಪ್ರೇಯರು

ಕಡತಗಳಲ್ಲಿ ‘ಬೆಳಗಿನ ಸಭೆ’ ಎನ್ನುವುದನ್ನು ಮಕ್ಕಳು ‘ಪ್ರೇಯರ್’ ಅಥವಾ ‘ಅಸೆಂಬ್ಲಿ’ ಎನ್ನುತ್ತಾರೆ. ಎರಡನೇ ಬೆಲ್ಲಿಗೆ ತರಗತಿವಾರು ಸಾಲು. ಎತ್ತರದ ಪ್ರಕಾರ ನಿಲ್ಲುವುದು, ಕೈಚಾಚಿ ಅಂತರ ತೆಗೆದುಕೊಳ್ಳುವುದು, ಪಿ.ಟಿ. ಮೇಷ್ಟರ ಸೀಟಿ. ತಡವಾಗಿ ಬಂದವರಿಗೆ ಗೇಟಿನ ಪಕ್ಕ ಬೇರೆಯದೇ ಸಾಲು. ಪ್ರಾರ್ಥನೆಯಾದ ಮೇಲೆ ಕುವೆಂಪು ಅವರ ನಾಡಗೀತೆ. ಇದು 2004ರಲ್ಲಿ ಅಧಿಕೃತವಾಯಿತು. ಎಷ್ಟು ಹೊತ್ತು ಹಾಡಬೇಕು, ಯಾರ ಧಾಟಿಯಲ್ಲಿ ಹಾಡಬೇಕು ಎಂಬ ವಾದ ಬಹಳ ಕಾಲ ಎಳೆದಾಡಿ, 2022ರಲ್ಲಿ ಮೈಸೂರು ಅನಂತಸ್ವಾಮಿ ಅವರ ಧಾಟಿ ಮತ್ತು 2 ನಿಮಿಷ 30 ಸೆಕೆಂಡಿನ ಮಿತಿಯನ್ನು ಸರ್ಕಾರ ಗೊತ್ತುಮಾಡಿತು. ಸಂವಿಧಾನದ ಪೀಠಿಕೆಯ ಓದು ಇದಕ್ಕೆ ಸೇರಿದ್ದು 2023ರ ಜೂನ್‌ನ ಸಚಿವ ಸಂಪುಟ ತೀರ್ಮಾನದ ನಂತರ. ಒಬ್ಬರು ಸಾಲು ಸಾಲಾಗಿ ಹೇಳಿಕೊಡುತ್ತಾರೆ, ಉಳಿದವರು ಹೇಳುತ್ತಾರೆ. ವರ್ಷದ ಕೊನೆಗೆ ಮೈಕಿನ ಮುಂದೆ ಯಾರೂ ಇಲ್ಲದಿದ್ದರೂ ಅರ್ಧ ಶಾಲೆ ಅದನ್ನು ಬಾಯಿಪಾಠವಾಗಿ ಒಪ್ಪಿಸಬಲ್ಲದು.

ಆಮೇಲೆ ವಾರ್ತೆ. ವಾರಕ್ಕೊಂದು ತರಗತಿಗೆ, ಅಥವಾ ಶಾಲೆ ದೊಡ್ಡದಾದರೆ ‘ಹೌಸ್’ಗೆ ಇದರ ಪಾಳಿ. ಒಬ್ಬರು ಕನ್ನಡದಲ್ಲಿ, ಇನ್ನೊಬ್ಬರು ಇಂಗ್ಲಿಷಿನಲ್ಲಿ ಮುಖ್ಯಾಂಶಗಳನ್ನು ಓದುತ್ತಾರೆ. ಒಂದು ದೇಶದ್ದು, ಒಂದು ರಾಜ್ಯದ್ದು, ಒಂದು ಆಟದ್ದು. ಪತ್ರಿಕೆಯ ತಲೆಬರಹವನ್ನೇ ನೋಟ್‌ಬುಕ್ಕಿನ ಹಾಳೆಗೆ ಇಳಿಸಿಕೊಂಡು ಬಂದಿರುವುದರಿಂದ, ಪತ್ರಿಕೆಯವರ ಶ್ಲೇಷೆ ಮಗುವಿನ ಗಂಭೀರ ದನಿಯಲ್ಲಿ ಬೇರೆಯದೇ ಅರ್ಥ ಪಡೆದು ಹಿಂದಿನ ಸಾಲಿನಲ್ಲಿ ನಗು ಏಳುವುದುಂಟು. ಕ್ರಿಕೆಟ್ ಸ್ಕೋರ್ ಓದುವಾಗ ಮಾತ್ರ ಎಲ್ಲರ ಕಿವಿಯೂ ನೆಟ್ಟಗಾಗುತ್ತದೆ. ನಂತರ ಸುಭಾಷಿತ, ಹುಟ್ಟುಹಬ್ಬದವರ ಹೆಸರು, ಮುಖ್ಯೋಪಾಧ್ಯಾಯರ ಅಂದರೆ ಎಚ್‌.ಎಂ. ಅವರ ನಾಲ್ಕು ಮಾತು, ರಾಷ್ಟ್ರಗೀತೆ. ಸಮವಸ್ತ್ರ, ಉಗುರು, ತಲೆಗೂದಲ ತಪಾಸಣೆ ಸೋಮವಾರ.

ಈ ಸಭೆಯ ಬಗ್ಗೆ ಹಗುರವಾಗಿ ಮಾತಾಡುವುದು ವಾಡಿಕೆ. ಆದರೆ ಮೈಕಿನ ಮುಂದೆ ಮೊದಲ ಸಲ ನಿಂತು ನಾಲ್ಕು ವಾಕ್ಯ ಓದುವ ಅವಕಾಶ ಎಷ್ಟೋ ಮಕ್ಕಳಿಗೆ ಸಿಗುವುದು ಇಲ್ಲಿ ಮಾತ್ರ. ತರಗತಿಯ ಎಂಟು ಪೀರಿಯಡ್‌ಗಳಲ್ಲಿ ಮಾತಾಡಿದರೆ ಲೀಡರ್ ಬೋರ್ಡಿನ ಮೂಲೆಯಲ್ಲಿ ಹೆಸರು ಬರೆಯುತ್ತಾನೆ.

ಸುತ್ತೋಲೆ ತುಂಬಿದ ವಾರ

ಪ್ರೌಢಶಾಲೆಯ ವೇಳಾಪಟ್ಟಿ ಮೇಲ್ನೋಟಕ್ಕೆ ಸರಳ. ಮೂರು ಭಾಷೆ, ಗಣಿತ, ವಿಜ್ಞಾನ, ಸಮಾಜ ವಿಜ್ಞಾನ, ಜೊತೆಗೆ ದೈಹಿಕ ಶಿಕ್ಷಣ. ಸುಮಾರು ನಲವತ್ತು ನಿಮಿಷದ ಪೀರಿಯಡ್. ಇಷ್ಟೇ ಆಗಿದ್ದರೆ ವಾರ ಸಲೀಸಾಗಿ ಸಾಗುತ್ತಿತ್ತು. ಆದರೆ ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ಬಂದ ಸುತ್ತೋಲೆಗಳು ವಾರದ ಒಂದೊಂದು ದಿನಕ್ಕೆ, ದಿನದ ಒಂದೊಂದು ಗಳಿಗೆಗೆ ಏನಾದರೊಂದನ್ನು ಸೇರಿಸುತ್ತ ಬಂದಿವೆ. ಯಾವುದೂ ಕೆಟ್ಟದ್ದಲ್ಲ. ಸೇರಿಸಿದ್ದನ್ನು ತೆಗೆಯುವ ಸುತ್ತೋಲೆ ಬರುವುದು ಮಾತ್ರ ಅಪರೂಪ.

ಕ್ಷೀರಭಾಗ್ಯ 2013ರ ಆಗಸ್ಟ್ 1ರಂದು ಆರಂಭವಾಯಿತು. ಸರ್ಕಾರಿ ಮತ್ತು ಅನುದಾನಿತ ಶಾಲೆಯ ಮಗುವಿಗೆ 150 ಮಿಲಿಲೀಟರ್ ಹಾಲು. ಮೊದಲು ವಾರಕ್ಕೆ ಮೂರು ದಿನ, ನಂತರ ಐದು ದಿನ. ಹಾಲಿನ ಪುಡಿಯನ್ನು ಶಾಲೆಯಲ್ಲೇ ಬಿಸಿನೀರಿಗೆ ಕದಡಬೇಕು, ಗಂಟು ಕಟ್ಟಬಾರದು. ಅದಕ್ಕೆ ಕೆಲವು ದಿನ ರಾಗಿ ಮಾಲ್ಟ್ ಸೇರಿದ್ದು 2024ರ ಫೆಬ್ರವರಿಯಿಂದ. ಮೊಟ್ಟೆಯ ಲೆಕ್ಕವೂ ಹೀಗೇ ಏರಿತು. ವಾರಕ್ಕೆ ಎರಡಿದ್ದದ್ದು, ಅಜೀಂ ಪ್ರೇಮ್‌ಜಿ ಫೌಂಡೇಷನ್ ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ ನೆರವಿಗೆ ಒಪ್ಪಿದ ಮೇಲೆ, 2024ರಲ್ಲಿ ಆರು ದಿನಕ್ಕೆ ಬಂದಿತು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು (ಮೊದಲು ಚಿಕ್ಕಿಯೂ ಇತ್ತು). ಯಾರಿಗೆ ಯಾವುದು ಎಂಬ ಪಟ್ಟಿ ಇಟ್ಟುಕೊಳ್ಳುವುದು, ಬೇಯಿಸಿದ್ದನ್ನು ಎಣಿಸಿ ಹಂಚುವುದು, ವಹಿಯಲ್ಲಿ ಬರೆಯುವುದು, ಎಲ್ಲ ಮೇಷ್ಟರ ಕೆಲಸ. ಬಾಳೆಹಣ್ಣಿನ ಪಟ್ಟಿಯಲ್ಲಿದ್ದ ಹುಡುಗ ಗೆಳೆಯನ ಜೊತೆ ಗುಟ್ಟಾಗಿ ಅದಲುಬದಲು ಮಾಡಿಕೊಳ್ಳುವುದನ್ನು ತಡೆಯುವ ಸುತ್ತೋಲೆ ಇನ್ನೂ ಬಂದಿಲ್ಲ.

ಮಧ್ಯಾಹ್ನದೂಟಕ್ಕೂ ಈ ಭಾಗಕ್ಕೂ ವಿಶೇಷ ನಂಟಿದೆ. ವೆಸ್ಟ್ ಆಫ್ ಕಾರ್ಡ್ ರಸ್ತೆಯ ಬದಿಯ ಹರೇಕೃಷ್ಣ ಗುಡ್ಡದ ಇಸ್ಕಾನ್ ದೇವಾಲಯ 1997ರಲ್ಲಿ ಉದ್ಘಾಟನೆಯಾಯಿತು. ಅದರ ಬಳಗದ ಅಕ್ಷಯಪಾತ್ರ 2000ದ ಜೂನ್‌ನಲ್ಲಿ ಐದು ಶಾಲೆಗಳ 1,500 ಮಕ್ಕಳಿಗೆ ಊಟ ಕೊಡುವುದರೊಂದಿಗೆ ಆರಂಭವಾಯಿತು. ರಾಜಾಜಿನಗರದ ಈ ಗುಡ್ಡದ ಅಡುಗೆಮನೆಯಿಂದ ಶಾಲೆಗಳಿಗೆ ವ್ಯಾನುಗಳು ಹೊರಡುತ್ತವೆ. ಸರ್ಕಾರದ ಅಕ್ಷರ ದಾಸೋಹ ಆರಂಭವಾದದ್ದು ಇದಾದ ಮೇಲೆ, ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ. ಕೇಂದ್ರದ ಯೋಜನೆ ಎಂಟನೇ ತರಗತಿಗೆ ನಿಲ್ಲುತ್ತದೆ. 9 ಮತ್ತು 10ನೇ ತರಗತಿಯ ಊಟದ ಖರ್ಚು ರಾಜ್ಯದ್ದು. ಅಕ್ಷಯಪಾತ್ರದ ಈರುಳ್ಳಿ, ಬೆಳ್ಳುಳ್ಳಿ ಇಲ್ಲದ ಅಡುಗೆ ಮಕ್ಕಳಿಗೆ ಹಿಡಿಸುತ್ತದೆಯೇ ಎಂಬ ಚರ್ಚೆ 2018-19ರಲ್ಲಿ ರಾಜ್ಯದಾದ್ಯಂತ ನಡೆಯಿತು. ಆ ಅಡುಗೆಮನೆಯಲ್ಲಿ ಮೊಟ್ಟೆಯೂ ಇಲ್ಲ, ಆದ್ದರಿಂದ ಅದರ ಏರ್ಪಾಡು ಶಾಲೆಯ ಪಾಲಿಗೆ. ಅನುದಾನರಹಿತ ಶಾಲೆಗಳಿಗೆ ಇದಾವುದೂ ಅನ್ವಯಿಸದು. ಅಲ್ಲಿನ ಮಧ್ಯಾಹ್ನ ಟಿಫಿನ್ ಡಬ್ಬಿಯದು. ಚಿತ್ರಾನ್ನ, ಚಪಾತಿ, ಪುಳಿಯೋಗರೆ ಕೈಯಿಂದ ಕೈಗೆ ಸುತ್ತಿ, ಡಬ್ಬಿಯ ಒಡೆಯನಿಗೆ ಮುಚ್ಚಳವಷ್ಟೇ ಉಳಿಯುವುದೂ ಇದೆ.

ರಾಜಾಜಿನಗರದ ಶಾಸಕ ಎಸ್. ಸುರೇಶ್ ಕುಮಾರ್ 2019ರಿಂದ 2021ರವರೆಗೆ ಪ್ರಾಥಮಿಕ ಮತ್ತು ಪ್ರೌಢ ಶಿಕ್ಷಣ ಸಚಿವರಾಗಿದ್ದರು. ನೀರು ಕುಡಿಯಲು ನೆನಪಿಸುವ ‘ವಾಟರ್ ಬೆಲ್’ 2019ರ ನವೆಂಬರ್‌ನಲ್ಲಿ ಅವರ ಕಾಲದಲ್ಲೇ ಬಂದದ್ದು. ಕೇರಳದಲ್ಲಿ ಅದಾಗಲೇ ಇತ್ತು. ಉದ್ದೇಶ ಒಳ್ಳೆಯದೇ, ಆದರೆ ಹೆಣ್ಣುಮಕ್ಕಳು ಬೆಳಗಿನಿಂದ ಸಂಜೆವರೆಗೆ ನೀರು ಕುಡಿಯದಿರಲು ಮರೆವು ಕಾರಣವಲ್ಲ, ಶೌಚಾಲಯದ ಸ್ಥಿತಿ ಕಾರಣ ಎಂಬುದು ಶಾಲೆಯ ಒಳಗಿನವರಿಗೆಲ್ಲ ಗೊತ್ತಿದ್ದ ಮಾತು. ಅವರ ಅವಧಿಯ ದೊಡ್ಡ ಪರೀಕ್ಷೆ ಕೋವಿಡ್. ಶಾಲೆ ಮುಚ್ಚಿದಾಗ ಚಂದನ ವಾಹಿನಿಯಲ್ಲಿ 8ರಿಂದ 10ನೇ ತರಗತಿಗಳಿಗೆ ‘ಸಂವೇದ’ ಪಾಠಗಳು ಬಂದವು. ಮೇಷ್ಟರೇ ಮಕ್ಕಳ ಕೇರಿಗೆ ಹೋಗಿ ಕಲಿಸುವ ‘ವಿದ್ಯಾಗಮ’ 2020ರ ಆಗಸ್ಟ್‌ನಲ್ಲಿ ಆರಂಭವಾಗಿ, ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ನಿಂತಿತು. 2020ರ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಜೂನ್ 25ರಿಂದ ನಡೆದೇ ನಡೆಯಿತು. ಮರುವರ್ಷ ಜುಲೈನಲ್ಲಿ ಎರಡೇ ದಿನದ, ಸರಿ ಉತ್ತರಕ್ಕೆ ಗುರುತು ಹಾಕುವ ಪರೀಕ್ಷೆ.

ಚೀಲದ ಭಾರದ ಆದೇಶ 2019ರದು. 9 ಮತ್ತು 10ನೇ ತರಗತಿಯ ಚೀಲ 4ರಿಂದ 5 ಕಿಲೊ ಮೀರಬಾರದು, ತಿಂಗಳ ಮೂರನೇ ಶನಿವಾರ ಚೀಲವೇ ಬೇಡ. 2023ರಲ್ಲಿ ಇಲಾಖೆ ಅದನ್ನೇ ಮತ್ತೆ ನೆನಪಿಸಬೇಕಾಯಿತು.

ಶನಿವಾರ

ಶನಿವಾರ ಬೆಳಗಿನ ಶಾಲೆ. ಎಂಟರ ಸುಮಾರಿಗೆ ಆರಂಭ, ಹನ್ನೊಂದೂವರೆ ಹನ್ನೆರಡಕ್ಕೆಲ್ಲ ಮನೆ. ಬಿಳಿ ಸಮವಸ್ತ್ರ, ಬಿಳಿ ಷೂ. ಷೂ ಬಿಳಿಯಾಗಿಲ್ಲದಿದ್ದರೆ ಪ್ರೇಯರ್‌ಗೆ ಮುಂಚೆ ಸೀಮೆಸುಣ್ಣದ ತುಂಡು ಉಪಯೋಗಕ್ಕೆ ಬರುತ್ತದೆ. ಸಾಮೂಹಿಕ ಕವಾಯತು, ಅಂದರೆ ಎಲ್ಲರ ಬಾಯಲ್ಲೂ ‘ಮಾಸ್ ಡ್ರಿಲ್’, ಶನಿವಾರದ ಗುರುತು. ಡ್ರಮ್ಮಿನ ಏಟಿಗೆ ಕೈ ಎತ್ತುವುದು, ಇಳಿಸುವುದು, ಎಡಕ್ಕೆ ತಿರುಗುವುದು. ಎಂಟನೇ ತರಗತಿಯಲ್ಲಿ ಒಬ್ಬನಾದರೂ ಬಲಕ್ಕೆ ತಿರುಗಿ ಪಕ್ಕದವನ ಮುಖ ನೋಡುತ್ತಾನೆ. ಸ್ಕೌಟ್ಸ್-ಗೈಡ್ಸ್, ಚರ್ಚಾಸ್ಪರ್ಧೆ, ಪ್ರತಿಭಾ ಕಾರಂಜಿ ಸ್ಪರ್ಧೆಯ ತಾಲೀಮು, ಗೋಡೆಪತ್ರಿಕೆ ಬದಲಾಯಿಸುವುದು, ಇವೆಲ್ಲ ಇದೇ ದಿನ. ಪೋಷಕರ ಸಭೆಯೂ ಸಾಮಾನ್ಯವಾಗಿ ಇದೇ ದಿನ.

ಕೆಲವು ಸಿಬಿಎಸ್‌ಇ ಶಾಲೆಗಳು ಶನಿವಾರ ರಜೆ ಕೊಡುತ್ತವೆ. ಅವರ ವಾರ ಐದೇ ದಿನದ್ದು. ಎರಡು ಬಗೆಯ ಶಾಲೆಗಳ ಅಂತರ ಶುಲ್ಕದಲ್ಲಿ ಇರುವಷ್ಟೇ ಈ ಬೆಳಗಿನಲ್ಲೂ ಇದೆ. ಶಾಲೆ ಪರೀಕ್ಷೆಯ ಯಂತ್ರವಾಗದೆ ಉಳಿದಿರುವುದು ಬಹುಮಟ್ಟಿಗೆ ಶನಿವಾರದ ಮೂರೂವರೆ ಗಂಟೆಗಳಿಂದ ಎಂದರೆ ತಪ್ಪಾಗಲಾರದು. ಹತ್ತನೇ ತರಗತಿಗೆ ಆ ಭಾಗ್ಯವೂ ದಸರಾ ರಜೆಯವರೆಗೆ ಮಾತ್ರ. ಆಮೇಲೆ ಶನಿವಾರವೆಂದರೆ ವಿಶೇಷ ತರಗತಿ.

ಸುದ್ದಿ ಹರಡುವ ದಾರಿ

ಶಾಲೆಯೊಳಗೆ ಸುದ್ದಿ ತಿರುಗುತ್ತಿದ್ದದ್ದು ಸೂಚನಾ ಪುಸ್ತಕದಲ್ಲಿ. ಉದ್ದನೆಯ ರಟ್ಟಿನ ಪುಸ್ತಕವನ್ನು ಕಂಕುಳಲ್ಲಿ ಹಿಡಿದು ಅಟೆಂಡರ್ ಬಾಗಿಲಲ್ಲಿ ನಿಂತರೆ ಪಾಠ ಅಲ್ಲಿಗೇ ನಿಲ್ಲುತ್ತದೆ. ಮಿಸ್ ಮೊದಲು ತಾವು ಓದಿಕೊಳ್ಳುತ್ತಾರೆ. ಆ ಅರ್ಧ ನಿಮಿಷ ತರಗತಿ ಅವರ ಮುಖವನ್ನೇ ನೋಡುತ್ತದೆ. ರಜೆಯೇ, ಪ್ರವಾಸವೇ, ಶುಲ್ಕ ಕಟ್ಟದವರ ಪಟ್ಟಿಯೇ ಎಂಬುದು ತುಟಿಯಂಚಿನಲ್ಲೇ ತಿಳಿದುಬಿಡುತ್ತದೆ. ಓದಿ ಹೇಳಿ, ಅಂಚಿನಲ್ಲಿ ರುಜು ಹಾಕಿ ಕಳಿಸಿದರೆ ಪುಸ್ತಕ ಪಕ್ಕದ ಕೋಣೆಗೆ. ಈಗಲೂ ಇದು ಹಲವು ಶಾಲೆಗಳಲ್ಲಿ ಉಂಟು. ಆದರೆ ಸುದ್ದಿ ಅದಕ್ಕಿಂತ ಮುಂಚೆ ಪೋಷಕರ ವಾಟ್ಸ್ಆ್ಯಪ್ ಗುಂಪಿಗೆ ಬಂದಿರುತ್ತದೆ. ಹೋಂವರ್ಕು, ಟೆಸ್ಟಿನ ಅಂಕ, ನಾಳೆ ತರಬೇಕಾದ ಬಣ್ಣದ ಹಾಳೆ ಎಲ್ಲ ಅಮ್ಮನ ಫೋನಿನಲ್ಲಿ. ಮಗ ಹೇಳುವುದನ್ನು ಮರೆತ ಎಂಬ ನೆಪಕ್ಕೆ ಈಗ ಜಾಗವಿಲ್ಲ, ಮಗ ಬೇಕೆಂದೇ ಹೇಳದಿರುವ ಸ್ವಾತಂತ್ರ್ಯಕ್ಕೂ ಇಲ್ಲ.

ಸುದ್ದಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಯುವುದು ಮಳೆ ರಜೆಗೆ. ಅದನ್ನು ಘೋಷಿಸುವವರು ಜಿಲ್ಲಾಧಿಕಾರಿ. ಹಿಂದಿನ ವರ್ಷದ ಪ್ರಕಟಣೆಯ ಚಿತ್ರವನ್ನೇ ಯಾರೋ ಮತ್ತೆ ಹರಿಬಿಟ್ಟು, ಬೆಳಿಗ್ಗೆ ಆರಕ್ಕೆ ಎಚ್‌.ಎಂ. ಅವರ ಫೋನಿಗೆ ಬಿಡುವಿಲ್ಲದಂತಾಗುವುದು ಮಳೆಗಾಲದ ಮಾಮೂಲಿ. ಕೆಟ್ಟ ಸುದ್ದಿಯೂ ಇದೇ ದಾರಿಯಲ್ಲಿ ಬಂದಿದೆ. 2023ರ ಡಿಸೆಂಬರ್ 1ರ ಶುಕ್ರವಾರ ಬೆಂಗಳೂರಿನ ನಲವತ್ತಕ್ಕೂ ಹೆಚ್ಚು ಶಾಲೆಗಳಿಗೆ ಬಾಂಬ್ ಬೆದರಿಕೆಯ ಇಮೇಲ್ ಬಂತು. ಬಸವೇಶ್ವರನಗರವೂ ಆ ಪಟ್ಟಿಯಲ್ಲಿತ್ತು. ಮಕ್ಕಳನ್ನು ಹೊರಗೆ ಕಳಿಸಿ ಪೊಲೀಸರು ಶೋಧಿಸಿದರು, ಹುಸಿ ಎಂದು ಗೊತ್ತಾಯಿತು. 2025ರ ಜುಲೈ 18ರಂದು ಮತ್ತೆ ಅದೇ ಆಯಿತು, ಆಗ ಕೆಂಗೇರಿ, ರಾಜರಾಜೇಶ್ವರಿನಗರದ ಶಾಲೆಗಳ ಹೆಸರೂ ಬಂದವು.

ಓಡಾಟದ ಸುದ್ದಿಯೆಂದರೆ, 2023ರ ಜೂನ್ 11ರಿಂದ ‘ಶಕ್ತಿ’ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಿಎಂಟಿಸಿ ಸಾಮಾನ್ಯ ಬಸ್ಸು ಉಚಿತವಾಯಿತು. ಅಣ್ಣನಿಗೆ ವಿದ್ಯಾರ್ಥಿ ಪಾಸು ಬೇಕು, ತಂಗಿಗೆ ಗುರುತಿನ ಚೀಟಿ ಸಾಕು. ಸಂಚಾರ ದಟ್ಟಣೆ ತಗ್ಗಿಸಲು ಶಾಲಾ ಸಮಯ ಬದಲಿಸಬೇಕೆಂಬ ಮಾತು ಹೈಕೋರ್ಟಿನಲ್ಲಿ ಬಂದು, 2023ರಲ್ಲಿ ಇಲಾಖೆ ಆಡಳಿತ ಮಂಡಳಿಗಳ ಜೊತೆ ಚರ್ಚಿಸಿತು. ಆಗಲೇ ಬೆಳಿಗ್ಗೆ ಏಳಕ್ಕೆ ವ್ಯಾನ್ ಹತ್ತುವ ಮಗುವನ್ನು ಇನ್ನೂ ಬೇಗ ಎಬ್ಬಿಸಲು ಯಾರೂ ಒಪ್ಪಲಿಲ್ಲ.

ಭಾಷೆ

ತರಗತಿಯೊಳಗೆ ಪಾಠ ಇಂಗ್ಲಿಷಿನಲ್ಲಿ, ಬೆಂಚಿನ ಮೇಲೆ ಮಾತು ಕನ್ನಡದಲ್ಲಿ. ಈ ಭಾಗದ ಖಾಸಗಿ ಶಾಲೆಗಳಲ್ಲಿ ಬಹುಪಾಲು ಹೀಗೆಯೇ. ನಗರದ ಪೂರ್ವ ಭಾಗಕ್ಕೆ ಹೋಲಿಸಿದರೆ ಇಲ್ಲಿ ಮೈದಾನದ ಭಾಷೆ ಇನ್ನೂ ಕನ್ನಡವೇ. ಆದರೂ ಎಸ್‌ಎಸ್‌ಎಲ್‌ಸಿಯಲ್ಲಿ ಪ್ರಥಮ ಭಾಷೆಗೆ 125 ಅಂಕ ಇರುವುದರಿಂದ, ಪೂರ್ಣಾಂಕದ ಆಸೆಗೆ ಸಂಸ್ಕೃತ ಆಯ್ದು ಕನ್ನಡವನ್ನು ಕೆಳಗಿನ ಸ್ಥಾನಕ್ಕೆ ಇಳಿಸುವ ಲೆಕ್ಕಾಚಾರ ಮನೆಗಳಲ್ಲಿ ನಡೆಯುತ್ತದೆ. ಇದೇ ಪ್ರಶ್ನೆಯಿಂದ ಗೋಕಾಕ್ ಸಮಿತಿ ಹುಟ್ಟಿ, 1981ರಲ್ಲಿ ವರದಿ ಬಂದು, ಮರುವರ್ಷ ಅದರ ಜಾರಿಗಾಗಿ ನಟ ಡಾ. ರಾಜ್‌ಕುಮಾರ್ ಬೀದಿಗಿಳಿದರು. ಅವರ ಹೆಸರಿನ ರಸ್ತೆ ರಾಜಾಜಿನಗರದ ನಡುವೆಯೇ ಹಾಯುತ್ತದೆ. ಮಾತೃಭಾಷಾ ಮಾಧ್ಯಮದ 1994ರ ನೀತಿಯನ್ನು ಸುಪ್ರೀಂ ಕೋರ್ಟ್ 2014ರ ಮೇ 6ರಂದು ತಳ್ಳಿಹಾಕಿತು. ಬಳಿಕ ಬಂದ 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮ, ಪಠ್ಯಕ್ರಮ ಯಾವುದೇ ಇರಲಿ, ಕನ್ನಡವನ್ನು ಒಂದು ಭಾಷೆಯಾಗಿ ಕಲಿಸಲೇಬೇಕು ಎನ್ನುತ್ತದೆ.

ಹತ್ತನೇ ತರಗತಿ

ಹತ್ತನೇ ತರಗತಿಗೆ ವಾರವೇ ಬೇರೆ. ಬೆಳಿಗ್ಗೆ ಒಂದು ಗಂಟೆ ಮೊದಲು, ಸಂಜೆ ಒಂದು ಗಂಟೆ ನಂತರ ವಿಶೇಷ ತರಗತಿ, ಅಲ್ಲಿಂದ ಟ್ಯೂಷನ್. ಒಟ್ಟು 625 ಅಂಕ. ಪ್ರಥಮ ಭಾಷೆಗೆ 100 ಲಿಖಿತ, 25 ಆಂತರಿಕ. ಉಳಿದ ಐದಕ್ಕೂ 80 ಮತ್ತು 20. ವರ್ಷವಿಡೀ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಮಾಪನ. ಮಕ್ಕಳ ಬಾಯಲ್ಲಿ ‘ಎಫ್‌ಎ’, ‘ಎಸ್‌ಎ’. ಫೆಬ್ರವರಿಯ ಹೊತ್ತಿಗೆ ಪೂರ್ವಸಿದ್ಧತಾ ಪರೀಕ್ಷೆಗಳು. ಹಿಂದುಳಿದವರಿಗೆ ‘ಪಾಸಿಂಗ್ ಪ್ಯಾಕೇಜ್’: ನಕಾಶೆಯ ಸ್ಥಳಗಳು, ಥೇಲ್ಸ್ ಪ್ರಮೇಯ, ಒಂದು ಪತ್ರಲೇಖನ, ಕಂಠಪಾಠದ ಪದ್ಯ. ಓದದೆ ಬರೆಯುವುದನ್ನಷ್ಟೇ ಕಲಿಸುವ ಈ ವಿದ್ಯೆಯನ್ನು ಹಳಿಯುವುದು ಸುಲಭ. ಆದರೆ ಮಗುವನ್ನು ಗಾರೆ ಕೆಲಸಕ್ಕೋ ಗಾರ್ಮೆಂಟ್ಸಿಗೋ ಕಳಿಸದಂತೆ ತಡೆಯುವ ಅಸ್ತ್ರ ಅದೊಂದೇ ಎಂದು ಸರ್ಕಾರಿ ಶಾಲೆಯ ಮೇಷ್ಟರು ಬಲ್ಲರು.

1966ರಿಂದ ಇದ್ದ ಪ್ರೌಢ ಶಿಕ್ಷಣ ಪರೀಕ್ಷಾ ಮಂಡಳಿಯ ಕೆಲಸವನ್ನು 2022ರಲ್ಲಿ, ಪದವಿಪೂರ್ವ ಪರೀಕ್ಷೆಯ ಜೊತೆ ಸೇರಿಸಿ, ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಗೆ ವಹಿಸಲಾಯಿತು. ಕಚೇರಿ ಪಕ್ಕದ ಮಲ್ಲೇಶ್ವರದಲ್ಲಿದೆ. 2023-24ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆಗಳ ಪದ್ಧತಿ ಬಂದಿತು. 2024ರಲ್ಲಿ ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಬಂದು ವೆಬ್‌ಕಾಸ್ಟಿಂಗ್ ಶುರುವಾಯಿತು. ಅದರ ಹಿಂದಿನ ವರ್ಷ, ಅಂದರೆ 2023ರಲ್ಲಿ, ರಾಜ್ಯದ ಫಲಿತಾಂಶ ಶೇ 83.89. ಕ್ಯಾಮೆರಾ ಬಂದ ವರ್ಷ, ಕೃಪಾಂಕ ಹೆಚ್ಚಿಸಿದ ಮೇಲೂ, ಶೇ 73.40. ಕೃಪಾಂಕ ತೆಗೆದ 2025ರ ಮೊದಲ ಪರೀಕ್ಷೆಯಲ್ಲಿ ಶೇ 66.14. ಮೂರು ವರ್ಷದಲ್ಲಿ ಮಕ್ಕಳು ದಡ್ಡರಾದರು ಎಂದು ಯಾರೂ ನಂಬಲಾರರು. ಹಿಂದಿನ ಅಂಕಿಗಳನ್ನು ಹೇಗೆ ನಂಬಬೇಕು ಎಂಬ ಪ್ರಶ್ನೆ ಮಾತ್ರ ಉಳಿಯಿತು.

ವರ್ಷದ ಸುತ್ತು

ಮೇ ಕೊನೆಯಲ್ಲಿ ಪ್ರಾರಂಭೋತ್ಸವ, ಜೂನ್‌ನಲ್ಲಿ ಸೇತುಬಂಧದ ಪರೀಕ್ಷೆ, ಆಗಸ್ಟ್ 15ರ ಪೆರೇಡಿಗೆ ಜುಲೈಯಿಂದಲೇ ತಾಲೀಮು. ಅಕ್ಟೋಬರ್‌ನಲ್ಲಿ ದಸರಾ ರಜೆ, ನವೆಂಬರ್‌ನಲ್ಲಿ ರಾಜ್ಯೋತ್ಸವ. ಡಿಸೆಂಬರ್ ಒಳಗೆ ಪ್ರವಾಸ ಮುಗಿಸಿ, ಅದರ ಬೆನ್ನಿಗೇ ವಾರ್ಷಿಕೋತ್ಸವ. 8 ಮತ್ತು 9ನೇ ತರಗತಿಗೆ ಏಪ್ರಿಲ್ 10 ಫಲಿತಾಂಶದ ದಿನ. ಅಂದು ಪ್ರಗತಿಪತ್ರ ಕೈಗೆ ಬರುತ್ತದೆ, ಪೋಷಕರ ಜೊತೆ ‘ಸಮುದಾಯದತ್ತ ಶಾಲೆ’ ಸಭೆ ನಡೆಯುತ್ತದೆ. ಒಂಬತ್ತರಲ್ಲಿ ಪಾಸಾದವರಿಗೆ ರಜೆ ಎಂಬುದು ಕಾಗದದ ಮೇಲಷ್ಟೆ. ಹಲವು ಖಾಸಗಿ ಶಾಲೆಗಳಲ್ಲಿ ಮರುವಾರವೇ ಹತ್ತರ ಗಣಿತ ಶುರುವಾಗಿರುತ್ತದೆ.